ಬಾಯಲ್ಲಿ ಬಿಳಿ ಪದರ: ಅದು ಫಂಗಸ್ಸೇ ಎಂದು ಗುರುತಿಸುವುದು, ಡಾಕ್ಟರ ಬಳಿ ಖಚಿತ ಮಾಡಿಕೊಳ್ಳುವುದು ಹೇಗೆ?

ಹತ್ತು ದಿನ ನಾನು ನಾಲಿಗೆಯನ್ನು ಉಜ್ಜಿ ಉಜ್ಜಿ ಹಣ್ಣು ಮಾಡಿಕೊಂಡಿದ್ದೆ. ಉಬ್ಬಸಕ್ಕೆ ಸ್ಟೀರಾಯ್ಡ್ ಇರುವ ಇನ್‌ಹೇಲರ್ ಶುರುವಾಗಿ ಎರಡು ತಿಂಗಳಾಗಿತ್ತು. ಬೆಳಿಗ್ಗೆ ಕನ್ನಡಿ ನೋಡಿದರೆ ನಾಲಿಗೆ ಮೇಲೆ ಬಿಳಿ ಬಿಳಿ. ಬಾಯಿ ಸರಿಯಾಗಿ ತೊಳೆದಿಲ್ಲ ಅಂದುಕೊಂಡು ಟಂಗ್ ಕ್ಲೀನರ್ ಹಾಕಿ ಕೆರೆದೆ. ಕೆರೆದಲ್ಲೆಲ್ಲ ಉರಿ. ಮರುದಿನ ಮತ್ತೆ ಬಿಳಿ. ಕೊನೆಗೆ ಹಲ್ಲಿನ ಡಾಕ್ಟರ ಹತ್ತಿರ ಹೋದರೆ ಅವರು ನಾಲಿಗೆಯ ಕಡೆ ಮೊದಲು ನೋಡಲೇ ಇಲ್ಲ. ಕೆನ್ನೆಯ ಒಳಭಾಗವನ್ನು ಅಗಲಿಸಿ ನೋಡಿದರು, ಅಂಗುಳ ನೋಡಿದರು, ಗಾಜ್ ಬಟ್ಟೆಯ ತುಂಡಿನಿಂದ ಮೆಲ್ಲಗೆ ಒರೆಸಿದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: "ಇನ್‌ಹೇಲರ್ ಎಳೆದ ಮೇಲೆ ಬಾಯಿ ಮುಕ್ಕಳಿಸ್ತೀರಾ?" ಇಲ್ಲ ಅಂದೆ. ಕಾಯಿಲೆ ಪತ್ತೆ ಅಲ್ಲಿಗೆ ಮುಗಿದಿತ್ತು.

ಆ ಐದು ನಿಮಿಷದಲ್ಲಿ ಅವರು ಹುಡುಕಿದ್ದು ಎರಡು ಉತ್ತರಗಳನ್ನು. ಇದು ಫಂಗಸ್ಸಾ? ಹೌದಾದರೆ, ಇವರಿಗೆ ಈಗ ಯಾಕೆ ಬಂತು? ನಾವು ಸಾಮಾನ್ಯವಾಗಿ ಮೊದಲನೆಯದಕ್ಕೇ ನಿಂತುಬಿಡುತ್ತೇವೆ. ಔಷಧ ಹಚ್ಚುತ್ತೇವೆ, ಹೋಗುತ್ತದೆ, ತಿಂಗಳಲ್ಲಿ ಮತ್ತೆ ಬರುತ್ತದೆ. ದೊಡ್ಡವರ ವಿಷಯದಲ್ಲಿ ಎರಡನೆಯ ಪ್ರಶ್ನೆಯೇ ಜಾಸ್ತಿ ಮುಖ್ಯ. ಇಲ್ಲಿ ಎರಡಕ್ಕೂ ದಾರಿ ಹೇಳುತ್ತೇನೆ.

ಮೊದಲು, ಇದು ಏನು?

ಕ್ಯಾಂಡಿಡಾ ಎಂಬುದು ಒಂದು ಯೀಸ್ಟ್, ಅಂದರೆ ಫಂಗಸ್ಸಿನ ಜಾತಿ. ಬಾಯಲ್ಲಿ ತೊಂದರೆ ಕೊಡುವುದರಲ್ಲಿ ಕ್ಯಾಂಡಿಡಾ ಆಲ್ಬಿಕನ್ಸ್ ಎಂಬುದೇ ಮುಂಚೂಣಿಯಲ್ಲಿದೆ. ಇದು ಹೊರಗಿನಿಂದ ನುಗ್ಗಿ ಬಂದ ಶತ್ರು ಅಲ್ಲ. ಆರೋಗ್ಯವಾಗಿರುವವರಲ್ಲೂ ಹೆಚ್ಚುಕಡಿಮೆ ಅರ್ಧದಷ್ಟು ಜನರ ಬಾಯಲ್ಲಿ ಇದು ಸದ್ದಿಲ್ಲದೆ ಇರುತ್ತದೆ. ಬಾಯಲ್ಲಿರುವ ಬ್ಯಾಕ್ಟೀರಿಯಾ, ಉಗುಳು, ನಮ್ಮ ರೋಗನಿರೋಧಕ ಶಕ್ತಿ ಮೂರೂ ಸೇರಿ ಅದನ್ನು ಅದರ ಜಾಗದಲ್ಲಿ ಕೂರಿಸಿರುತ್ತವೆ. ಈ ಮೂರರಲ್ಲಿ ಒಂದು ಸಡಿಲಾದರೆ ಯೀಸ್ಟ್ ದುಂಡಗಿನ ರೂಪ ಬಿಟ್ಟು ಎಳೆಎಳೆಯಾಗಿ ಬೆಳೆದು ಬಾಯಿಯ ಒಳಪದರಕ್ಕೆ ಕಚ್ಚಿಕೊಳ್ಳುತ್ತದೆ. ಅದೇ ಥ್ರಷ್.

ಆರೋಗ್ಯವಾಗಿರುವ ಅರ್ಧ ಜನರ ಬಾಯಲ್ಲೂ ಇದು ಇರುತ್ತದೆ ಎಂಬ ಮಾತನ್ನು ನೆನಪಿಟ್ಟುಕೊಳ್ಳಿ, ಲ್ಯಾಬ್ ರಿಪೋರ್ಟ್ ಓದುವಾಗ ಬೇಕಾಗುತ್ತದೆ.

ಹೆಸರಿನಲ್ಲೂ ಒಂದು ತಮಾಷೆ ಇದೆ. ಲ್ಯಾಟಿನ್‌ನಲ್ಲಿ ಕ್ಯಾಂಡಿಡಾ ಅಂದರೆ ಬೆಳ್ಳಗಿರುವುದು, ಆಲ್ಬಿಕನ್ಸ್ ಅಂದರೆ ಬೆಳ್ಳಗಾಗುತ್ತಿರುವುದು. ಎರಡು ಸಲ ಬಿಳಿ ಅಂತ ಹೆಸರಿಟ್ಟ ಮೇಲೆ ಎಲ್ಲರೂ ಬಿಳಿಯನ್ನೇ ಹುಡುಕುತ್ತಾರೆ. ಆದರೆ ಈ ಕಾಯಿಲೆ ಎಷ್ಟೋ ಸಲ ಕೆಂಪಾಗಿ ಬರುತ್ತದೆ. ಆಗ ಯಾರಿಗೂ ಅನುಮಾನವೇ ಬರುವುದಿಲ್ಲ.

ಹಂತ 1: ಕನ್ನಡಿ ಮುಂದೆ ಎರಡು ನಿಮಿಷ

ಒಳ್ಳೆಯ ಬೆಳಕು ಬೇಕು. ಬಾತ್‌ರೂಮಿನ ಹಳದಿ ಬಲ್ಬು ಸಾಲದು. ಕಿಟಕಿಯ ಹತ್ತಿರ ನಿಲ್ಲಿ, ಇಲ್ಲವೇ ಮೊಬೈಲ್ ಟಾರ್ಚ್ ಹಾಕಿಕೊಳ್ಳಿ. ಕೈ ತೊಳೆದುಕೊಳ್ಳಿ. ಹಲ್ಲುಸೆಟ್ ಹಾಕುವವರು ಅದನ್ನು ತೆಗೆದಿಡಿ. ಬಾಯಿಗೆ ನೀರು ಹಾಕಿ ಒಮ್ಮೆ ಮುಕ್ಕಳಿಸಿ. ಆಗಷ್ಟೇ ತಿಂದ ಕುಡಿದದ್ದರ ಬಣ್ಣ ಹೋಗಲಿ.

ನೋಡುವಾಗ ನಾಲಿಗೆಯಿಂದ ಶುರು ಮಾಡಬೇಡಿ. ನಾಲಿಗೆ ಬೆಳ್ಳಗಾಗಲು ನೂರು ಕಾರಣ ಇವೆ: ಜ್ವರ, ಕಡಿಮೆ ನೀರು ಕುಡಿದದ್ದು, ಬಾಯಿ ತೆರೆದು ಮಲಗಿದ್ದು, ಸಿಗರೇಟು. ಹೀಗೆ ನಾಲಿಗೆ ಒಂದರ ಮೇಲೆ ತೆಳುವಾಗಿ, ಒಂದೇ ಸಮನೆ ಹರಡಿದ ಬಿಳುಪು ಬಹಳಷ್ಟು ಸಲ ಬರೀ ಕೊಳೆ ಮತ್ತು ಸತ್ತ ಚರ್ಮದ ಪದರ. ಫಂಗಸ್ಸಿನ ಸುಳಿವು ಸಿಗುವುದು ಕೆನ್ನೆಯ ಒಳಭಾಗ, ತುಟಿಯ ಒಳಭಾಗ, ಅಂಗುಳ, ಗಂಟಲಿನ ಬಾಗಿಲು ಇವುಗಳಲ್ಲಿ. ಒಂದೊಂದಾಗಿ ನೋಡಿ. ಕೆನ್ನೆಯನ್ನು ಬೆರಳಿನಿಂದ ಹೊರಗೆ ಎಳೆಯಿರಿ. ತಲೆ ಹಿಂದಕ್ಕೆ ಬಾಗಿಸಿ "ಆ" ಅನ್ನಿ. ಆಮೇಲೆ ನಾಲಿಗೆಯನ್ನು ಮೇಲೆ, ಎಡಕ್ಕೆ, ಬಲಕ್ಕೆ ಮಾಡಿ ಅದರ ಅಂಚು ಮತ್ತು ಅಡಿಭಾಗ. ಕೊನೆಗೆ ಎರಡೂ ಕಟವಾಯಿ.

ಸಿಗಬಹುದಾದ ರೂಪಗಳು ಇವು.

ಎಲ್ಲರಿಗೂ ಗೊತ್ತಿರುವುದು ಒಡೆದ ಹಾಲಿನ ಚೂರುಗಳಂತೆ ಕೂತಿರುವ ಬಿಳಿ ಅಥವಾ ಕೆನೆಬಣ್ಣದ ಚುಕ್ಕೆ, ಪದರ. ಸ್ವಲ್ಪ ಉಬ್ಬಿರುತ್ತದೆ. ಕೆಲವು ಕಡೆ ಚುಕ್ಕೆಗಳು ಸೇರಿಕೊಂಡು ದೊಡ್ಡ ಪದರವಾಗಿರುತ್ತವೆ. ಒರೆಸಿದರೆ ಕಿತ್ತು ಬರುತ್ತದೆ, ಅಡಿಯಲ್ಲಿ ಕೆಂಪು ಹಸಿ ಜಾಗ ಕಾಣುತ್ತದೆ, ಕೆಲವೊಮ್ಮೆ ಒಂದೆರಡು ಹನಿ ರಕ್ತವೂ ಬರುತ್ತದೆ. ನೋವು ಇರಲೇಬೇಕೆಂದಿಲ್ಲ. ತುಂಬ ಜನ ಹೇಳುವುದು, ಬಾಯಿಯೊಳಗೆ ಹತ್ತಿ ತುಂಬಿದ ಹಾಗಿದೆ, ರುಚಿಯೇ ಗೊತ್ತಾಗುತ್ತಿಲ್ಲ ಅಂತ.

ಕೆಂಪು ರೂಪದಲ್ಲಿ ಬಿಳಿ ಎಂಬುದೇ ಇರುವುದಿಲ್ಲ. ನಾಲಿಗೆಯ ಮೇಲಿನ ಸಣ್ಣ ಸಣ್ಣ ದೊರಗು ಮಾಯವಾಗಿ ಅಲ್ಲಲ್ಲಿ ನುಣ್ಣಗೆ, ಕೆಂಪಗೆ ಆಗಿರುತ್ತದೆ. ಉರಿ ಜಾಸ್ತಿ. ಖಾರ, ಬಿಸಿ ಯಾವುದನ್ನೂ ತಾಗಿಸಲಾಗುವುದಿಲ್ಲ. ಆ್ಯಂಟಿಬಯಾಟಿಕ್ ಕೋರ್ಸ್ ನಡೆಯುವಾಗಲೋ ಮುಗಿದ ಬೆನ್ನಿಗೋ ಹೀಗೆ ಆದರೆ ಫಂಗಸ್ ಬಗ್ಗೆ ಯೋಚಿಸಲೇಬೇಕು. "ಮಾತ್ರೆ ಹೀಟ್ ಆಯ್ತು" ಅಂತ ಸುಮ್ನೆ ಕೂರುವವರೇ ಹೆಚ್ಚು. ಇನ್ನೊಂದು ಕೆಂಪು ರೂಪ ನಾಲಿಗೆಯ ನಡುಮಧ್ಯದಲ್ಲಿ, ಸ್ವಲ್ಪ ಹಿಂದಕ್ಕೆ, ವಜ್ರದ ಆಕಾರದಲ್ಲಿ ಬರುವ ನುಣ್ಣನೆಯ ಕಲೆ. ಅದಕ್ಕೆ ಸರಿಯಾಗಿ ತಾಗುವ ಅಂಗುಳದ ಜಾಗದಲ್ಲೂ ಅದೇ ಕೆಂಪು ಇದ್ದರೆ ಅನುಮಾನ ಗಟ್ಟಿಯಾಗುತ್ತದೆ.

ಹಲ್ಲುಸೆಟ್ ಹಾಕುವವರದ್ದು ಬೇರೆಯೇ ಕಥೆ. ಮೇಲಿನ ಸೆಟ್ ತೆಗೆದು ಅಂಗುಳ ನೋಡಿದರೆ, ಸೆಟ್ ಎಲ್ಲಿಯವರೆಗೆ ಮುಚ್ಚಿತ್ತೋ ಅಲ್ಲಿಯವರೆಗೆ ಮಾತ್ರ ಕೆಂಪು. ಗೆರೆ ಎಳೆದ ಹಾಗೆ. ನೋವು ಇರುವುದೇ ಕಮ್ಮಿ, ಹಾಗಾಗಿ ವರ್ಷಗಟ್ಟಲೆ ಗೊತ್ತೇ ಆಗುವುದಿಲ್ಲ. ಮನೆಯಲ್ಲಿ ವಯಸ್ಸಾದವರಿದ್ದರೆ, ರಾತ್ರಿಯೂ ಸೆಟ್ ಹಾಕಿಕೊಂಡೇ ಮಲಗುವವರಿದ್ದರೆ, ನೀವೇ ಒಮ್ಮೆ ಟಾರ್ಚ್ ಹಾಕಿ ನೋಡಿ. ಅವರಾಗಿಯೇ ಹೇಳುವುದಿಲ್ಲ.

ಕಟವಾಯಿ ಒಡೆಯುವುದು, ಎರಡೂ ಮೂಲೆಯಲ್ಲಿ ಬಿರುಕು, ಕೆಂಪು, ಬಾಯಿ ಅಗಲಿಸಿದರೆ ಚುರುಕ್ ಅನ್ನುವ ನೋವು, ಇದರಲ್ಲೂ ಕ್ಯಾಂಡಿಡಾದ ಕೈ ಇರಬಹುದು. ಆದರೆ ಇಲ್ಲಿ ಬ್ಯಾಕ್ಟೀರಿಯಾ ಕೂಡ ಜೊತೆಗೂಡುತ್ತದೆ. ಕಬ್ಬಿಣದ ಅಂಶ ಅಥವಾ ಬಿ ವಿಟಮಿನ್ ಕಡಿಮೆಯಾದರೂ ಹೀಗೇ ಆಗುತ್ತದೆ.

ಹಂತ 2: ಒರೆಸಿ ನೋಡುವುದು, ಒಂದೇ ಸಲ

ಸ್ವಚ್ಛವಾದ ಗಾಜ್ ಬಟ್ಟೆಯನ್ನು ಬೆರಳಿಗೆ ಸುತ್ತಿ, ನೀರಿನಲ್ಲಿ ಒದ್ದೆ ಮಾಡಿ, ಬಿಳಿ ಇರುವ ಒಂದೇ ಒಂದು ಜಾಗವನ್ನು ಮೆಲ್ಲಗೆ ಒರೆಸಿ. ಚಮಚ, ಬ್ರಷ್, ಉಗುರು ಬೇಡ.

ಸಲೀಸಾಗಿ ಪೂರ್ತಿ ಹೋಯಿತು, ಅಡಿಯಲ್ಲಿ ಮಾಮೂಲಿ ಗುಲಾಬಿ ಬಣ್ಣವೇ ಇದೆ ಅಂದರೆ ಹಾಲೋ ಊಟದ ಉಳಿಕೆಯೋ ಇರಬಹುದು. ಕಿತ್ತು ಬಂತು, ಅಡಿಯಲ್ಲಿ ಕೆಂಪು ಹಸಿ ಜಾಗ ಇದೆ ಅಂದರೆ ಥ್ರಷ್ ಇರುವ ಸಾಧ್ಯತೆ ಹೆಚ್ಚು. ಏನು ಮಾಡಿದರೂ ಕದಲಲಿಲ್ಲವಾ? ಅಲ್ಲಿಗೆ ನಿಲ್ಲಿಸಿ. ಇನ್ನೊಮ್ಮೆ ಉಜ್ಜಬೇಡಿ. ಒರೆಸಿದರೆ ಹೋಗದ ಬಿಳಿ ಕಲೆ ಮನೆಯಲ್ಲಿ ಪತ್ತೆ ಮಾಡುವ ವಿಷಯವಲ್ಲ.

ಯಾಕೆಂದರೆ ಹೋಗದ ಬಿಳಿಯ ಪಟ್ಟಿಯಲ್ಲಿ ಏನೇನೋ ಇದೆ. ಲ್ಯುಕೋಪ್ಲೇಕಿಯಾ ಎಂಬ ಕಲೆ, ತಂಬಾಕು ಬಳಸುವವರಲ್ಲಿ ಜಾಸ್ತಿ, ಅದರಲ್ಲಿ ಕೆಲವು ಮುಂದೆ ಕ್ಯಾನ್ಸರ್‌ಗೆ ತಿರುಗಬಲ್ಲವು. ಲೈಕನ್ ಪ್ಲೇನಸ್, ಕೆನ್ನೆಯ ಎರಡೂ ಒಳಬದಿಗಳಲ್ಲಿ ಬಲೆಯ ಹಾಗೆ ಬಿಳಿ ಗೆರೆಗಳು. ನಾಲಿಗೆಯ ಅಂಚಿನಲ್ಲಿ ಉದ್ದುದ್ದ ಮಡಿಕೆಯಂತೆ ಕಾಣುವ ಹೇರಿ ಲ್ಯುಕೋಪ್ಲೇಕಿಯಾ, ಇದಕ್ಕೆ ಕಾರಣ ಎಪ್‌ಸ್ಟೈನ್ ಬಾರ್ ವೈರಸ್. ಹಲ್ಲುನೋವಿಗೆ ಆಸ್ಪಿರಿನ್ ಮಾತ್ರೆಯನ್ನು ಒಸಡಿನ ಪಕ್ಕ ಇಟ್ಟುಕೊಂಡು ಸುಟ್ಟುಕೊಂಡವರೂ ಇದ್ದಾರೆ. ಇನ್ನೊಂದು ತಂಟೆ ಅಂದರೆ ಕ್ಯಾಂಡಿಡಾದ್ದೇ ಒಂದು ರೂಪವೂ ಒರೆಸಿದರೆ ಹೋಗುವುದಿಲ್ಲ. ಹೈಪರ್‌ಪ್ಲಾಸ್ಟಿಕ್ ಅನ್ನುತ್ತಾರೆ. ಕಟವಾಯಿಯಿಂದ ಸ್ವಲ್ಪ ಒಳಗೆ, ಕೆನ್ನೆಯಲ್ಲಿ ದಪ್ಪಗೆ ಕೂತಿರುತ್ತದೆ, ಸಿಗರೇಟು ಸೇದುವವರಲ್ಲಿ ಹೆಚ್ಚು. ಇದು ಕೂಡ ಕ್ಯಾನ್ಸರ್‌ಗೆ ತಿರುಗುವ ಸಾಧ್ಯತೆ ಇರುವುದರಿಂದ ಬಯಾಪ್ಸಿ, ಅಂದರೆ ಚಿಕ್ಕ ತುಂಡು ತೆಗೆದು ಪರೀಕ್ಷೆ, ಮಾಡಿಯೇ ನೋಡುತ್ತಾರೆ.

ಹಾಗಂತ ಎಲ್ಲದಕ್ಕೂ ಗಾಬರಿ ಬೇಡ. ಕಚ್ಚುವ ಸಾಲಿನಲ್ಲೇ ಕೆನ್ನೆಯ ಒಳಗೆ ಉದ್ದಕ್ಕೆ ಒಂದು ಬಿಳಿ ಗೆರೆ ಎಷ್ಟೋ ಜನರಿಗೆ ಇರುತ್ತದೆ. ಹಲ್ಲು ಒತ್ತಿ ಆದದ್ದು, ಕಾಯಿಲೆ ಅಲ್ಲ. ತುಟಿ, ಕೆನ್ನೆಯ ಒಳಗೆ ಸಾಸಿವೆಗಿಂತ ಚಿಕ್ಕ ಹಳದಿ ಚುಕ್ಕೆಗಳು ಕಂಡರೆ ಅವು ಎಣ್ಣೆ ಗ್ರಂಥಿಗಳು, ಅವೂ ಮಾಮೂಲಿ. ನಾಲಿಗೆ ಮೇಲೆ ಭೂಪಟದ ಹಾಗೆ ಕೆಂಪು ಜಾಗ, ಸುತ್ತ ಬಿಳಿ ಅಂಚು, ಇವತ್ತು ಇಲ್ಲಿ ನಾಳೆ ಅಲ್ಲಿ ಅಂತ ಜಾಗ ಬದಲಿಸುತ್ತಿದ್ದರೆ ಅದು ಜಿಯೋಗ್ರಾಫಿಕ್ ಟಂಗ್. ಇನ್ನು ದುಂಡಗೆ, ನಡುವೆ ಹಳದಿ, ಸುತ್ತ ಕೆಂಪು, ಮುಟ್ಟಿದರೆ ಪ್ರಾಣ ಹೋಗುವಷ್ಟು ನೋವು ಇದ್ದರೆ ನಮಗೆಲ್ಲ ಗೊತ್ತಿರುವ ಬಾಯಿ ಹುಣ್ಣು.

ಒಂದು ಲೆಕ್ಕ ಮಾತ್ರ ಬಿಡಬೇಡಿ. ಬಿಳಿಯೋ ಕೆಂಪೋ ಹುಣ್ಣೋ, ನೋವಿರಲಿ ಇಲ್ಲದಿರಲಿ, ಬಾಯಲ್ಲಿ 2 ವಾರ ದಾಟಿದ ಯಾವುದನ್ನೂ ಡಾಕ್ಟರಿಗೆ ತೋರಿಸದೆ ಇರಬಾರದು.

ಬೆಳಿಗ್ಗೆ ಗ್ಲಾಸ್ ನೀರಿಗೆ ಉಗುಳಿ, ಉಗುಳಿನಿಂದ ಎಳೆ ಇಳಿದರೆ ಫಂಗಸ್ ಇದೆ ಎಂದು ಹೇಳುವ ಒಂದು "ಪರೀಕ್ಷೆ" ಸುತ್ತಾಡುತ್ತಿದೆ. ಬಿಟ್ಟುಬಿಡಿ. ಉಗುಳಿನಲ್ಲಿ ಲೋಳೆ ಇದ್ದರೆ ಅದು ಇಳಿದೇ ಇಳಿಯುತ್ತದೆ. ಅದರಿಂದ ಏನೂ ಗೊತ್ತಾಗುವುದಿಲ್ಲ.

ಹಂತ 3: ಈಗ ಯಾಕೆ ಬಂತು ಅಂತ ಲೆಕ್ಕ ಹಾಕಿ

ಒಂದು ಚೀಟಿ ತಗೊಂಡು ಕಳೆದ ಎರಡು ಮೂರು ತಿಂಗಳನ್ನು ನೆನಪಿಸಿಕೊಳ್ಳಿ. ಡಾಕ್ಟರಿಗೆ ಲ್ಯಾಬ್‌ಗಿಂತ ಜಾಸ್ತಿ ಸಹಾಯ ಮಾಡುವುದು ಈ ಚೀಟಿ.

ಔಷಧಗಳಿಂದ ಶುರು ಮಾಡಿ. ಆ್ಯಂಟಿಬಯಾಟಿಕ್ ತಗೊಂಡಿರಾ, ಎಷ್ಟು ದಿನ? ಅದು ಬಾಯಿಯ ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಕೊಂದು ಯೀಸ್ಟಿಗೆ ಜಾಗ ಮಾಡಿಕೊಡುತ್ತದೆ. ಸ್ಟೀರಾಯ್ಡ್ ಇರುವ ಇನ್‌ಹೇಲರ್ ಇದೆಯಾ, ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗುಳುತ್ತೀರಾ, ಸ್ಪೇಸರ್ (ಇನ್‌ಹೇಲರ್‌ಗೆ ಜೋಡಿಸುವ ಕೊಳವೆ) ಬಳಸುತ್ತೀರಾ? ಸ್ಟೀರಾಯ್ಡ್ ಮಾತ್ರೆ? ಅಂಗಾಂಗ ಕಸಿ ಆದವರು, ಕೀಮೋ ತಗೊಳ್ಳುತ್ತಿರುವವರು, ತಲೆ ಕುತ್ತಿಗೆಗೆ ರೇಡಿಯೇಷನ್ ಆದವರು ಅದನ್ನು ಮೊದಲ ಸಾಲಿನಲ್ಲೇ ಬರೆಯಿರಿ. ಸೋರಿಯಾಸಿಸ್‌ಗೆ ಕೊಡುವ ಸೆಕ್ಯುಕಿನುಮ್ಯಾಬ್‌ನಂಥ ಇಂಜೆಕ್ಷನ್‌ಗಳೂ ಬಾಯಿಯ ಫಂಗಸ್ಸಿಗೆ ದಾರಿ ಮಾಡಬಲ್ಲವು. ಚರ್ಮದ ಕಾಯಿಲೆಯ ಇಂಜೆಕ್ಷನ್‌ಗೂ ಬಾಯಿಗೂ ಏನು ಸಂಬಂಧ ಅಂತ ಬಿಟ್ಟುಬಿಡಬೇಡಿ.

ಬಾಯಿ ಒಣಗುವುದು ದೊಡ್ಡ ಕಾರಣ. ಉಗುಳೇ ಬಾಯಿಯ ಕಾವಲುಗಾರ ಅಲ್ವಾ? ಅಲರ್ಜಿ ಮಾತ್ರೆ, ಖಿನ್ನತೆಯ ಕೆಲವು ಮಾತ್ರೆ, ಮೂತ್ರಕೋಶದ ತೊಂದರೆಗೆ ಕೊಡುವ ಕೆಲವು ಔಷಧ ಬಾಯಿ ಒಣಗಿಸುತ್ತವೆ. ನೀರಿಲ್ಲದೆ ಒಣ ತಿಂಡಿ ನುಂಗಲು ಆಗುತ್ತಿಲ್ಲ, ರಾತ್ರಿ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿದೆ ಅನ್ನಿಸಿದರೆ ಅದನ್ನೂ ಬರೆಯಿರಿ.

ಶುಗರ್ ಇದೆಯಾ? ಇದ್ದರೆ ಇತ್ತೀಚಿನ ರಿಪೋರ್ಟ್ ಎಷ್ಟು? ಇಲ್ಲ ಅನ್ನುವವರು ಕೊನೆಯ ಸಲ ಪರೀಕ್ಷೆ ಮಾಡಿಸಿದ್ದು ಯಾವಾಗ? ಜಾಸ್ತಿ ಬಾಯಾರಿಕೆ, ರಾತ್ರಿ ಎದ್ದೆದ್ದು ಮೂತ್ರಕ್ಕೆ ಹೋಗುವುದು, ಕಾರಣವಿಲ್ಲದೆ ತೂಕ ಇಳಿದದ್ದು, ಇವು ಜೊತೆಗಿದ್ದರೆ ಬಾಯಿಯ ಬಿಳಿ ಪದರವೇ ಸಕ್ಕರೆ ಕಾಯಿಲೆಯ ಮೊದಲ ಸುಳಿವಾಗಿರಬಹುದು.

ಇದ್ಯಾವುದೂ ಇಲ್ಲದ, ಗಟ್ಟಿಮುಟ್ಟಾದ ವಯಸ್ಕರಿಗೆ ಥ್ರಷ್ ಬಂದರೆ ಡಾಕ್ಟರು ಎಚ್‌ಐವಿ ಪರೀಕ್ಷೆ ಬರೆಯುತ್ತಾರೆ. ಅದನ್ನು ಅವಮಾನ ಅಂತ ತಗೊಳ್ಳಬೇಡಿ. 1981ರ ಜೂನ್‌ನಲ್ಲಿ ಅಮೆರಿಕದ ಲಾಸ್ ಏಂಜಲೀಸ್‌ನಿಂದ ಐವರು ಯುವಕರ ವಿಚಿತ್ರ ನ್ಯುಮೋನಿಯಾದ ವರದಿ ಬಂತು. ಏಡ್ಸ್ ಎಂಬುದನ್ನು ಜಗತ್ತು ಮೊದಲು ಕಂಡದ್ದು ಆ ವರದಿಯಲ್ಲಿ. ಆ ಐದೂ ಜನರಿಗೆ ಕ್ಯಾಂಡಿಡಾ ಸೋಂಕು ಇತ್ತು. ರೋಗನಿರೋಧಕ ಶಕ್ತಿ ಕುಸಿದರೆ ಅದು ಮೊದಮೊದಲು ಕಾಣಿಸಿಕೊಳ್ಳುವ ಜಾಗಗಳಲ್ಲಿ ಬಾಯಿಯೂ ಒಂದು. ಅದಕ್ಕೇ ಕೇಳುತ್ತಾರೆ, ಬೇರೆ ಅರ್ಥವಿಲ್ಲ.

ಮಗುವಿನ ಬಾಯಿ ಆದರೆ

ಹುಟ್ಟಿ ಕೆಲವೇ ತಿಂಗಳಾದ ಕೂಸಿಗೆ ಥ್ರಷ್ ಬರುವುದು ಸಾಮಾನ್ಯ. ಅದರ ರೋಗನಿರೋಧಕ ಶಕ್ತಿ ಇನ್ನೂ ಬಲಿತಿಲ್ಲ, ಅಷ್ಟೆ. ದೊಡ್ಡ ಕಾರಣ ಹುಡುಕುವ ಅಗತ್ಯ ಹೆಚ್ಚಾಗಿ ಬರುವುದಿಲ್ಲ.

ತಾಯಂದಿರಿಗೆ ಗೊಂದಲ ಆಗುವುದು ಹಾಲಿನ ಪದರದ ಜೊತೆ. ಹಾಲಿನದ್ದು ನಾಲಿಗೆ ಮೇಲೆ ಮಾತ್ರ, ಕುಡಿದ ಮೇಲೆ ಜಾಸ್ತಿ, ಒದ್ದೆ ಬಟ್ಟೆಗೆ ಬಂದುಬಿಡುತ್ತದೆ. ಥ್ರಷ್ ಆದರೆ ಕೆನ್ನೆಯೊಳಗೆ, ತುಟಿಯೊಳಗೆ, ಅಂಗುಳದಲ್ಲೂ ಚುಕ್ಕೆ ಇರುತ್ತದೆ, ಅಷ್ಟು ಸುಲಭವಾಗಿ ಬರುವುದಿಲ್ಲ. ಮಗು ಮೊಲೆ ಬಾಯಿಗೆ ತಗೊಂಡು, ಎರಡು ಗುಟುಕು ಎಳೆದು, ಬಿಟ್ಟು ಅಳುತ್ತದೆ. ಮತ್ತೆ ಹುಡುಕುತ್ತದೆ, ಮತ್ತೆ ಬಿಡುತ್ತದೆ. ಡೈಪರ್ ಜಾಗದಲ್ಲೂ ಕಡುಕೆಂಪು ಗುಳ್ಳೆ ಇದೆಯಾ ನೋಡಿ. ತಾಯಿಗೆ ಮೊಲೆತೊಟ್ಟು ಉರಿ, ಹಾಲು ಕುಡಿಸಿ ಆದ ಮೇಲೂ ನಿಲ್ಲದ ನೋವು ಇದ್ದರೆ ಅದನ್ನು ಮಕ್ಕಳ ಡಾಕ್ಟರಿಗೆ ಮರೆಯದೆ ಹೇಳಬೇಕು. ಇಬ್ಬರಿಗೂ ಒಟ್ಟಿಗೆ ಚಿಕಿತ್ಸೆ ಆಗದಿದ್ದರೆ ಸೋಂಕು ಅತ್ತಿಂದಿತ್ತ ಓಡಾಡಿಕೊಂಡೇ ಇರಬಹುದು.

ಎರಡು ಎಚ್ಚರಿಕೆ. 1 ವರ್ಷ ತುಂಬದ ಮಗುವಿನ ಬಾಯಿಗೆ ಜೇನುತುಪ್ಪ ಸವರಬೇಡಿ, ಬಾಟ್ಯುಲಿಸಂ ಎಂಬ ಪ್ರಾಣಾಪಾಯದ ಕಾಯಿಲೆ ಬರಬಹುದು. ಇನ್ನೊಂದು, ದೊಡ್ಡವರಿಗೆ ಕೊಟ್ಟ ಮೈಕೋನಜೋಲ್ ಎಂಬ ಫಂಗಸ್ ಔಷಧದ ಜೆಲ್ ಮನೆಯಲ್ಲಿದೆ ಅಂತ ಹಸುಗೂಸಿಗೆ ಹಚ್ಚಬೇಡಿ. ಜೆಲ್ ಅಂಟು, ಪುಟ್ಟ ಗಂಟಲಿಗೆ ಸಿಕ್ಕಿ ಉಸಿರು ಕಟ್ಟಬಹುದು. 4 ತಿಂಗಳೊಳಗಿನ ಮಕ್ಕಳಿಗೆ ಅದು ಬೇಡವೇ ಬೇಡ.

ಹಂತ 4: ಡಾಕ್ಟರ ಹತ್ತಿರ ಹೋಗುವ ಮುಂಚೆ

ಯಾವ ಡಾಕ್ಟರು? ಹಲ್ಲಿನ ಡಾಕ್ಟರು ಒಳ್ಳೆಯ ಮೊದಲ ಆಯ್ಕೆ. ಬಾಯಿಯನ್ನೇ ದಿನವಿಡೀ ನೋಡುವವರು ಅವರು. ಫ್ಯಾಮಿಲಿ ಡಾಕ್ಟರೂ ಆಗಬಹುದು. ಗಂಟಲಿನ ತೊಂದರೆ ಜಾಸ್ತಿ ಇದ್ದರೆ ಇಎನ್‌ಟಿ.

ಈಗ ಎಲ್ಲರೂ ಮಾಡುವ ತಪ್ಪು. ಹೋಗುವ ಮುಂಚೆ ನಾಲಿಗೆ ಕೆರೆದು, ಮೌತ್‌ವಾಶ್ ಹಾಕಿ, ಬಾಯಿಯನ್ನು ಲಕಲಕ ಮಾಡಿಕೊಂಡು ಹೋಗುವುದು. ನಾಚಿಕೆ ಅರ್ಥವಾಗುತ್ತದೆ, ಆದರೆ ನೋಡಬೇಕಾದದ್ದನ್ನೇ ತೊಳೆದುಕೊಂಡು ಹೋದರೆ ಡಾಕ್ಟರು ಏನು ನೋಡಬೇಕು? ಹಲ್ಲು ಉಜ್ಜಿ, ಪದರವನ್ನು ಮುಟ್ಟಬೇಡಿ. ಮೆಡಿಕಲ್ ಅಂಗಡಿಯಿಂದ ಫಂಗಸ್ ಔಷಧ ತಂದು ಎರಡು ದಿನ ಹಚ್ಚಿ ಆಮೇಲೆ ಪರೀಕ್ಷೆಗೆ ಹೋದರೂ ಇದೇ ಕಥೆ, ಸ್ಯಾಂಪಲ್‌ನಲ್ಲಿ ಏನೂ ಸಿಗದೆ ಹೋಗಬಹುದು. ನೇರಳೆ ಬಣ್ಣದ ಔಷಧ ಹಚ್ಚಿಕೊಂಡರಂತೂ ಬಿಳಿ ಯಾವುದು ಕೆಂಪು ಯಾವುದು ಒಂದೂ ಕಾಣುವುದಿಲ್ಲ.

ದಿನಕ್ಕೊಂದು ಫೋಟೋ ತೆಗೆದಿಡಿ, ಒಂದೇ ಬೆಳಕಿನಲ್ಲಿ. ಔಷಧದ ಚೀಟಿ, ಇನ್‌ಹೇಲರ್ ಎರಡನ್ನೂ ಬ್ಯಾಗಿಗೆ ಹಾಕಿಕೊಳ್ಳಿ. ಹಲ್ಲುಸೆಟ್ ಹಾಕಿಕೊಂಡೇ ಹೋಗಿ, ಅದರ ಒಳಮೈಯಿಂದಲೂ ಸ್ಯಾಂಪಲ್ ತೆಗೆಯಬೇಕಾಗಬಹುದು.

ಕಾಯದೆ ತಕ್ಷಣ ಹೋಗಬೇಕಾದ ಸಂದರ್ಭಗಳೂ ಇವೆ. ನುಂಗಿದರೆ ಎದೆಗೂಡಿನ ಹಿಂದೆ ನೋವು, ಅನ್ನ ಗಂಟಲಲ್ಲಿ ಸಿಕ್ಕಿದ ಹಾಗೆ ಅನ್ನಿಸುವುದು, ನೀರೂ ಇಳಿಯದಿರುವುದು, ಇವು ಫಂಗಸ್ ಅನ್ನನಾಳಕ್ಕೆ ಇಳಿದಿರುವ ಲಕ್ಷಣ. ಕೀಮೋ ನಡೆಯುತ್ತಿರುವವರಿಗೆ ಬಾಯಿಯ ಪದರದ ಜೊತೆ ಜ್ವರ ಬಂದರೆ ಬೆಳಗಾಗುವವರೆಗೂ ಕಾಯಬಾರದು. ಮಗು ಹಾಲು ಕುಡಿಯುವುದನ್ನೇ ಬಿಟ್ಟರೂ ಅಷ್ಟೇ.

ಹಂತ 5: ಅಲ್ಲಿ ಏನು ಮಾಡುತ್ತಾರೆ

ಬಹಳಷ್ಟು ಸಲ ಯಾವ ಲ್ಯಾಬೂ ಬೇಕಾಗುವುದಿಲ್ಲ. ನೋಡಿ, ಒರೆಸಿ, ನಿಮ್ಮ ಚೀಟಿ ಓದಿ, ಔಷಧ ಬರೆದುಕೊಡುತ್ತಾರೆ. ಔಷಧಕ್ಕೆ ಬಗ್ಗಿದರೆ ಪತ್ತೆ ಸರಿ ಇತ್ತು ಅಂತ. "ಟೆಸ್ಟೇ ಮಾಡಲಿಲ್ಲ" ಅಂತ ಬೇಜಾರಾಗಬೇಡಿ, ನೋಡಿದರೇ ಗೊತ್ತಾಗುವ ಕಾಯಿಲೆ ಇದು.

ಅನುಮಾನ ಇದ್ದರೆ, ಕೆಂಪು ರೂಪ ಆಗಿದ್ದರೆ, ಅಥವಾ ಔಷಧಕ್ಕೆ ಬಗ್ಗದಿದ್ದರೆ ಸ್ಯಾಂಪಲ್ ತೆಗೆಯುತ್ತಾರೆ. ಮರದ ಅಥವಾ ಪ್ಲಾಸ್ಟಿಕ್ ಕಡ್ಡಿಯಿಂದ ಪದರವನ್ನು ಸ್ವಲ್ಪ ಕೆರೆದು ಗಾಜಿನ ಸ್ಲೈಡ್ ಮೇಲೆ ಸವರುತ್ತಾರೆ. ಅದರ ಮೇಲೆ ಕೆಒಎಚ್, ಅಂದರೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದ ಹನಿ. ಸಾಮಾನ್ಯವಾಗಿ 10 ಪರ್ಸೆಂಟಿನದ್ದು. ನಮ್ಮ ಚರ್ಮದ ಜೀವಕೋಶಗಳು ಅದರಲ್ಲಿ ಕರಗಿಹೋಗುತ್ತವೆ. ಫಂಗಸ್ಸಿನ ಹೊರಗೋಡೆ ಗಟ್ಟಿ, ಅದು ಕರಗುವುದಿಲ್ಲ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ತಿಳಿಯಾದ ಹಿನ್ನೆಲೆಯಲ್ಲಿ ದುಂಡು ದುಂಡು ಮೊಗ್ಗುಗಳು, ನಡುವೆ ದಾರದ ಹಾಗೆ ಎಳೆಗಳು. ಆ ಎಳೆಗಳು ಮುಖ್ಯ. ಸುಮ್ಮನೆ ಕೂತಿರುವ ಯೀಸ್ಟ್ ದುಂಡಗಿರುತ್ತದೆ, ಒಳಪದರಕ್ಕೆ ಕೈ ಹಾಕಿದ್ದು ಎಳೆ ಬಿಡುತ್ತದೆ. ನಾನು ಒಮ್ಮೆ ಲ್ಯಾಬಿನವರನ್ನು ಕೇಳಿ ನೋಡಿದ್ದೆ, ಒಡೆದ ಮುತ್ತಿನ ಸರ ಚೆಲ್ಲಿದ ಹಾಗಿತ್ತು. ಇದರ ಉತ್ತರ ಬೇಕೆಂದರೆ ಅದೇ ದಿನ ಸಿಗುತ್ತದೆ.

ಕಲ್ಚರ್ ಅಂದರೆ ಸ್ಯಾಂಪಲ್ಲನ್ನು ಬೆಳೆಸಿ ನೋಡುವುದು. ಸ್ವಾಬ್‌ನಿಂದ, ಅಂದರೆ ಹತ್ತಿ ಸುತ್ತಿದ ಕಡ್ಡಿಯಿಂದ, ತೆಗೆಯುತ್ತಾರೆ, ಇಲ್ಲವೇ 10 ಮಿಲಿ ಉಪ್ಪುನೀರಿನ ದ್ರಾವಣ ಕೊಟ್ಟು ಒಂದು ನಿಮಿಷ ಮುಕ್ಕಳಿಸಿ ಡಬ್ಬಿಗೆ ಉಗುಳಲು ಹೇಳುತ್ತಾರೆ. ಸಬೌರೋ ಅಗರ್ ಎಂಬ ತಟ್ಟೆಯಲ್ಲಿ ಬೆಳೆಸಿದರೆ 24ರಿಂದ 48 ಗಂಟೆಯಲ್ಲಿ ಕೆನೆಬಣ್ಣದ ಚುಕ್ಕೆಗಳು ಮೂಡುತ್ತವೆ. ಅದು ಆಲ್ಬಿಕನ್ಸೇ ಅಂತ ನೋಡಲು ಒಂದು ಹಳೆಯ, ಸುಲಭದ ಪರೀಕ್ಷೆ ಇದೆ: ರಕ್ತದ ಸೀರಂನಲ್ಲಿ 37 ಡಿಗ್ರಿ ಸೆಲ್ಸಿಯಸ್‌ನಲ್ಲಿ 2-3 ಗಂಟೆ ಇಟ್ಟರೆ ಆಲ್ಬಿಕನ್ಸ್ ಮೊಳಕೆ ಒಡೆಯುತ್ತದೆ. ಜಾತಿ ಗೊತ್ತಾಗುವುದು ಯಾಕೆ ಮುಖ್ಯ ಅಂದರೆ, ಕ್ಯಾಂಡಿಡಾ ಕ್ರೂಸಿಯೈ ಎಂಬುದು ಫ್ಲುಕೋನಜೋಲ್ ಎಂಬ ಫಂಗಸ್ ಮಾತ್ರೆಗೆ ಬಗ್ಗುವುದೇ ಇಲ್ಲ. ಗ್ಲಾಬ್ರಾಟಾ ಎಂಬುದೂ ಎಷ್ಟೋ ಸಲ ಸತಾಯಿಸುತ್ತದೆ.

ಮೊದಲಿಗೆ ಹೇಳಿದ ಮಾತು ಈಗ ಬೇಕು. ಕಲ್ಚರ್ ರಿಪೋರ್ಟಿನಲ್ಲಿ "ಕ್ಯಾಂಡಿಡಾ ಬೆಳೆದಿದೆ" ಅಂತ ಬಂದ ಮಾತ್ರಕ್ಕೆ ಕಾಯಿಲೆ ಇದೆ ಅಂತಲ್ಲ. ಅರ್ಧ ಜನರ ಬಾಯಲ್ಲಿ ಅದು ಹೇಗೂ ಇರುತ್ತದೆ. ಬಾಯಲ್ಲಿ ಏನೂ ಕಾಣದೆ, ಏನೂ ಅನ್ನಿಸದೆ, ಬರೀ ರಿಪೋರ್ಟ್ ಹಿಡಿದು ಔಷಧ ನುಂಗುವುದು ತಪ್ಪು. ಎಳೆಗಳು ಕಂಡ ಸ್ಲೈಡ್, ಕಣ್ಣಿಗೆ ಕಾಣುವ ಪದರ, ನಿಮ್ಮ ಚೀಟಿ, ಮೂರೂ ಒಂದೇ ಕಡೆ ಬೆರಳು ತೋರಿಸಿದಾಗ ಪತ್ತೆ ಗಟ್ಟಿ.

ಒರೆಸಿದರೆ ಹೋಗದ ಕಲೆಗೆ ಬಯಾಪ್ಸಿ. ಜಾಗ ಮರಗಟ್ಟಿಸಿ ಚಿಕ್ಕ ತುಂಡು ತೆಗೆದು ಪಿಎಎಸ್ ಎಂಬ ಬಣ್ಣ ಹಾಕಿ ನೋಡುತ್ತಾರೆ, ಫಂಗಸ್ ಕೆಂಗುಲಾಬಿಯಾಗಿ ಎದ್ದು ಕಾಣುತ್ತದೆ. ಜೀವಕೋಶಗಳು ಕ್ಯಾನ್ಸರ್ ಕಡೆ ವಾಲುತ್ತಿವೆಯಾ ಎಂಬುದೂ ಅದರಲ್ಲೇ ತಿಳಿಯುತ್ತದೆ. ನುಂಗಲು ಕಷ್ಟ ಆದವರಿಗೆ ಮೊದಲು ಮಾತ್ರೆ ಕೊಟ್ಟು ನೋಡಿ, ಬಗ್ಗದಿದ್ದರೆ ಎಂಡೋಸ್ಕೋಪಿ (ಕ್ಯಾಮೆರಾ ಇರುವ ಕೊಳವೆ ಇಳಿಸಿ ನೋಡುವುದು) ಮಾಡುವುದು ರೂಢಿ.

"ಯಾಕೆ ಬಂತು" ಎಂಬುದಕ್ಕೆ ರಕ್ತ ಪರೀಕ್ಷೆ. ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 6.5 ಪರ್ಸೆಂಟ್ ಅಥವಾ ಹೆಚ್ಚು ಬಂದರೆ ಅದು ಸಕ್ಕರೆ ಕಾಯಿಲೆಯ ಮಟ್ಟ. ಜೊತೆಗೆ ರಕ್ತದ ಪೂರ್ತಿ ಎಣಿಕೆ, ಕಬ್ಬಿಣ, ಬಿ12, ಫೋಲೇಟ್, ಬೇಕೆನಿಸಿದರೆ ಎಚ್‌ಐವಿ. ಡಾಕ್ಟರು ಬರೆಯದಿದ್ದರೆ ನೀವೇ ಕೇಳಿ: "ಇದು ನನಗೆ ಯಾಕೆ ಬಂತು ಅಂತ ನಿಮಗೆ ಅನ್ನಿಸುತ್ತೆ?" ಇನ್‌ಹೇಲರ್, ಆ್ಯಂಟಿಬಯಾಟಿಕ್ ಅಂತ ಎದ್ದು ಕಾಣುವ ಉತ್ತರ ಇದ್ದರೆ ಸರಿ. ಇಲ್ಲದಿದ್ದರೆ ಹುಡುಕಲೇಬೇಕು.

ಔಷಧ ಶುರುವಾದ ಮೇಲೆ

ನಿಸ್ಟಾಟಿನ್ ದ್ರವ, ಕ್ಲೋಟ್ರಿಮಜೋಲ್ ಚೀಪುವ ಮಾತ್ರೆ ಅಥವಾ ಹಚ್ಚುವ ದ್ರವ, ಮೈಕೋನಜೋಲ್ ಜೆಲ್, ಜೋರಾಗಿದ್ದರೆ ಫ್ಲುಕೋನಜೋಲ್ ಮಾತ್ರೆ. ಸಾಮಾನ್ಯವಾಗಿ 7ರಿಂದ 14 ದಿನ. ನಿಸ್ಟಾಟಿನ್ ಹಳೆಯ ಔಷಧ. 1950ರಲ್ಲಿ ಎಲಿಜಬೆತ್ ಹೇಝನ್ ಮತ್ತು ರೇಚಲ್ ಬ್ರೌನ್ ಎಂಬ ಇಬ್ಬರು ಹೆಂಗಸರು ಮಣ್ಣಿನ ಬ್ಯಾಕ್ಟೀರಿಯಾದಿಂದ ತೆಗೆದದ್ದು. ಅವರು ಕೆಲಸ ಮಾಡುತ್ತಿದ್ದ ನ್ಯೂಯಾರ್ಕ್ ಸ್ಟೇಟ್‌ನ ಹೆಸರನ್ನೇ ಅದಕ್ಕೆ ಇಟ್ಟರು. ಅದು ತಾಗಿದ ಕಡೆ ಮಾತ್ರ ಕೆಲಸ ಮಾಡುತ್ತದೆ. ಬಾಯಿಗೆ ಹಾಕಿ ತಕ್ಷಣ ನುಂಗಿಬಿಟ್ಟರೆ ದಂಡ. ಬಾಯಿ ತುಂಬ ಆಡಿಸಿ, ಆದಷ್ಟು ಹೊತ್ತು ಇಟ್ಟುಕೊಂಡು, ಆಮೇಲೆ ಅರ್ಧ ಗಂಟೆ ಏನೂ ತಿನ್ನದೆ ಇರಿ. ರಕ್ತ ತೆಳುವಾಗಿಸುವ ವಾರ್ಫರಿನ್ ತಗೊಳ್ಳುವವರು ಮೈಕೋನಜೋಲ್, ಫ್ಲುಕೋನಜೋಲ್ ಬರೆಯುವ ಮುಂಚೆಯೇ ಡಾಕ್ಟರಿಗೆ ಹೇಳಿ. ಜೆಲ್ ತಾನೇ ಅಂತ ಸುಮ್ಮನಿರಬೇಡಿ, ರಕ್ತಸ್ರಾವ ಆಗುವಷ್ಟು ಏರುಪೇರು ಮಾಡಬಲ್ಲದು.

ಒಂದು ವಾರ ಹಚ್ಚಿದರೂ ಹಾಗೇ ಇದ್ದರೆ ಇನ್ನೊಂದು ಬಾಟಲಿ ತರಬೇಡಿ, ವಾಪಸ್ ಡಾಕ್ಟರ ಹತ್ತಿರ ಹೋಗಿ. ಕಾಯಿಲೆಯೇ ಬೇರೆ ಇರಬಹುದು, ಯೀಸ್ಟಿನ ಜಾತಿ ಬೇರೆ ಇರಬಹುದು, ಅಥವಾ ಹಲ್ಲುಸೆಟ್ಟಿನ ಒಳಮೈಯಿಂದ ರಾತ್ರಿಯಿಡೀ ಮತ್ತೆ ಮತ್ತೆ ಹತ್ತುತ್ತಿರಬಹುದು. ಪೂರ್ತಿ ಹೋಗಿ ಎರಡು ಮೂರು ತಿಂಗಳಲ್ಲಿ ಮತ್ತೆ ಬಂದರೂ ಅಷ್ಟೇ, ಹಳೆಯ ಚೀಟಿಯ ಔಷಧವನ್ನೇ ತರುವ ಬದಲು ಆ ಚೀಟಿಯನ್ನೇ ತಗೊಂಡು ಹೋಗಿ, ಹಿಂದಿನ ಸಲದ ಫೋಟೋಗಳ ಜೊತೆ. ನನ್ನದು ಮತ್ತೆ ಬರಲಿಲ್ಲ. ಇನ್‌ಹೇಲರ್ ಈಗ ಬ್ರಷ್ ಇಡುವ ಲೋಟದ ಪಕ್ಕದಲ್ಲೇ ಇರುತ್ತದೆ. ಎಳೆಯುತ್ತೇನೆ, ಮುಕ್ಕಳಿಸುತ್ತೇನೆ, ಉಗುಳುತ್ತೇನೆ, ಆಮೇಲೆ ಹಲ್ಲುಜ್ಜುತ್ತೇನೆ.